ಅವ್ವನ ಮರೆವು: ‘ಕೋಶ ನುಂಗೋದು ಕೆಟ್ಟಿದೆ’ ಅಂದರೆ ಏನ್ರಿ? ತಿಳಿದವರು ಹೇಳಿ

ಗಂಜ್_ಮುನೀಮ (ಕಲಬುರಗಿ)

ಎಲ್ಲರಿಗೂ ಶರಣು. ಗಂಜ್‌ನಲ್ಲಿ, ಅಂದರೆ ನಮ್ಮ ಕಾಳಿನ ಮಾರುಕಟ್ಟೆಯಲ್ಲಿ, ಒಂದು ಅಡತ್ ಅಂಗಡಿಯ ಲೆಕ್ಕ ಬರೆಯುವವನು ನಾನು. ಓದಿದ್ದು ಬಿ.ಕಾಂ. ಜೀವಶಾಸ್ತ್ರಕ್ಕೂ ನನಗೂ ಹತ್ತನೇ ಕ್ಲಾಸಿಗೇ ಸಂಬಂಧ ಮುಗಿದಿದೆ. ಹಾಗಾಗಿ ದಡ್ಡ ಪ್ರಶ್ನೆ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವ್ವನಿಗೆ 71. ಎರಡು ವರ್ಷದಿಂದ ಮರೆವು. ಮೊದಲು ಜನರ ಹೆಸರು ಹೋದವು, ಆಮೇಲೆ ಹಬ್ಬ ಹುಣ್ಣಿಮೆ ಹೋದವು. ಹೋದ ತಿಂಗಳು ಒಂದು ಬೆಳಗ್ಗೆ ರೊಟ್ಟಿ ಬಡಿಯಲು ಕೂತಿದ್ದಳು. ಎಸರು ಕಾಯಿಸಿದ್ದು, ಹಿಟ್ಟು ನಾದಿದ್ದು ಎಲ್ಲ ಸರಿ ಇತ್ತು. ಬಡಿಯುವ ಕೈಯೂ ಹಿಂದಿನ ಹಾಗೇ, ಅದೇ ಸಪ್ಪಳ. ರೊಟ್ಟಿ ಅಗಲ ಆಯಿತು, ತೆಳ್ಳಗಾಯಿತು. ಇನ್ನು ಎತ್ತಿ ಹಂಚಿಗೆ ಹಾಕಬೇಕು. ಹಾಕಲಿಲ್ಲ. ಮತ್ತೆ ಉಂಡೆ ಮಾಡಿ ಮತ್ತೆ ಬಡಿದಳು. ಹೀಗೆ ನಾಲ್ಕು ಸಲ. ಹಂಚು ಕಾದು ಹೊಗೆ ಏಳುತ್ತಿತ್ತು. ‘ಅವ್ವಾ, ಹಂಚಿಗೆ ಹಾಕು’ ಅಂದೆ. ನನ್ನ ಮುಖ ನೋಡಿ ‘ನಿಮ್ಮಪ್ಪ ಬರಲಿ ತಡಿ, ಬಿಸಿಬಿಸಿ ಹಾಕ್ತೀನಿ’ ಅಂದಳು. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು.

ಹೋದ ವರ್ಷ ಒಂದು ಕಡೆ ತೋರಿಸಿದ್ದೆವು. ‘ವಯಸ್ಸು, ಏನೂ ಇಲ್ಲ’ ಅಂತ ಟಾನಿಕ್ ಬರೆದು ಕಳಿಸಿದರು. ನಾವೂ ನಂಬಿ ಸುಮ್ನೆ ಕೂತೆವು. ಈಗ ನರರೋಗದ ಡಾಕ್ಟರ್ ಹತ್ತಿರ ಹೋದಾಗ ಅಲ್ಝೈಮರ್ ಇದ್ದ ಹಾಗಿದೆ ಅಂದರು. ವಯಸ್ಸಿನಲ್ಲಿ ಚಿಕ್ಕವರು, ಕೇಳಿದ್ದಕ್ಕೆ ಉತ್ತರ ಕೊಡುವವರು. ‘ಮಿದುಳಿನಲ್ಲಿ ಕಸ ತುಂಬುತ್ತದೆ ಅಂತಾರಲ್ಲ, ಅದೇನಾ ಸರ್?’ ಅಂತ ಕೇಳಿದೆ. ಅವರು ಚೀಟಿಯ ಹಿಂದೆ ಒಂದು ವೃತ್ತ ಬರೆದರು. ಅದರ ಅಂಚಿಗೆ ಒಂದು ಗುಳಿ ಹಾಕಿದರು. ‘ಕಸ ಆಮೇಲಿನ ಮಾತು. ಕೋಶ ಹೊರಗಿನದ್ದನ್ನು ನುಂಗಿ ಒಳಗೆ ವಿಂಗಡಿಸುವ ಕೆಲಸ ಇದೆಯಲ್ಲ, ಅಲ್ಲೇ ಮೊದಲು ಕೆಟ್ಟಿರುತ್ತದೆ’ ಅಂದರು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಎದ್ದು ಬಂದೆ.

ಆ ಚೀಟಿ ಈಗ ಜೇಬಿನಲ್ಲೇ ಇದೆ. ಗುಳಿ ಬಿದ್ದ ವೃತ್ತ. ಇದೇನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಅಪ್ಪನಕೆರೆ_ವಾಕರ್ (ಕಲಬುರಗಿ)

ಮುನೀಮ್ರೇ, ಓದಿ ಬೇಜಾರಾಯಿತು. ನಮ್ಮ ಕಾಕಾನಿಗೂ ಹೀಗೇ ಇತ್ತು. ವಿಜ್ಞಾನ ನನಗೆ ಗೊತ್ತಿಲ್ಲ. ಒಂದು ಮಾತ್ರ ಹೇಳುತ್ತೇನೆ, ಒಬ್ಬರನ್ನೇ ಹೊರಗೆ ಕಳಿಸಬೇಡಿ. ನಮ್ಮ ಕಾಕಾ ದಿನಾ ಹೋಗುತ್ತಿದ್ದ ಕೆರೆ ದಂಡೆಯಲ್ಲೇ ದಾರಿ ತಪ್ಪಿದರು. ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ.

ಕಲಬುರಗಿ_ಬಿಸಿಲು

ಅರವತ್ತಕ್ಕೆ ಅರಳು ಮರಳು ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಇದು ರೋಗ ಅಲ್ಲ, ವಯಸ್ಸು. ಎಲ್ಲದಕ್ಕೂ ಒಂದು ಇಂಗ್ಲಿಷ್ ಹೆಸರು ಇಟ್ಟು ಗುಳಿಗೆ ಮಾರುವ ದಂಧೆ ಇದು.

ಲ್ಯಾಬ್_ಅಕ್ಕ (ಊರು ಬೀದರ್, ಈಗ ಬೆಂಗಳೂರು)

ಬಿಸಿಲಣ್ಣ, ಆ ಹೆಸರು ಬಂದಿದ್ದೇ ಅರವತ್ತು ಆಗದವರೊಬ್ಬರಿಂದ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಲೋಯಿಸ್ ಅಲ್ಝೈಮರ್ ನೋಡಿದ ಆಗುಸ್ಟಾ ಡೆಟರ್ ಎಂಬ ಹೆಂಗಸಿಗೆ ಆಗ 51 ವರ್ಷ. ಆಕೆ 1906ರಲ್ಲಿ ತೀರಿಕೊಂಡಳು. ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳ ಹೊರಗೆ ಗಡ್ಡೆ, ಒಳಗೆ ಗಂಟುಗಂಟಾದ ಎಳೆ ಕಂಡವು. ವಯಸ್ಸಾದಂತೆ ಈ ರೋಗ ಜಾಸ್ತಿ ಬರುತ್ತದೆ, ನಿಜ. ಆದರೆ ತೊಂಬತ್ತಾದರೂ ಬರದವರು ಬೇಕಾದಷ್ಟು ಜನ ಇದ್ದಾರೆ. ಬರೀ ವಯಸ್ಸಾಗಿದ್ದರೆ ಎಲ್ಲರಿಗೂ ಬರಬೇಕಿತ್ತು ಅಲ್ವಾ?

ಮುನೀಮಣ್ಣ, ನಾನು ಕೋಶಗಳ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ಅವ್ವನ ಗುಳಿಗೆ ಬಗ್ಗೆ ನನ್ನನ್ನು ಕೇಳಬೇಡಿ. ಆದರೆ ನಿಮ್ಮ ಚೀಟಿಯ ಚಿತ್ರ ನನ್ನ ದಿನದ ಕೆಲಸ. ಅದನ್ನು ಬಿಡಿಸಬಲ್ಲೆ.

ಕೋಶಕ್ಕೆ ಬಾಯಿ ಇಲ್ಲ. ಸುತ್ತ ಒಂದು ತೆಳ್ಳನೆಯ ಪೊರೆ ಇದೆ, ಅಷ್ಟೇ. ಹೊರಗಿನದ್ದು ಏನಾದರೂ ಒಳಗೆ ಬೇಕಾದರೆ ಆ ಪೊರೆಯೇ ಒಂದು ಕಡೆ ಒಳಕ್ಕೆ ಕುಸಿಯುತ್ತದೆ. ಗುಳಿ ಆಳವಾಗುತ್ತದೆ, ಕುತ್ತಿಗೆ ಸಣ್ಣದಾಗುತ್ತದೆ, ಆಮೇಲೆ ಕುತ್ತಿಗೆ ತುಂಡಾಗಿ ಒಂದು ಪುಟ್ಟ ಚೀಲ ಒಳಗೆ ಬೀಳುತ್ತದೆ. ಡಾಕ್ಟರ್ ಬರೆದದ್ದು ಇದೇ ಗುಳಿ. ಈ ಕೆಲಸಕ್ಕೆ ಎಂಡೊಸೈಟೋಸಿಸ್ ಅಂತ 1963ರಲ್ಲಿ ಹೆಸರಿಟ್ಟವರು ಕ್ರಿಸ್ಟಿಯಾನ್ ಡ ಡುವ್. ನುಂಗಿದ್ದನ್ನು ಅರಗಿಸುವ ಲೈಸೋಸೋಮ್ ಅನ್ನು ಕಂಡುಹಿಡಿದವರೂ ಅವರೇ.

ಗುಳಿ ತಾನಾಗಿ ಬೀಳುವುದಿಲ್ಲ. ಕ್ಲಾಥ್ರಿನ್ ಅಂತ ಒಂದು ಪ್ರೋಟೀನ್ ಇದೆ. ಮೂರು ಕಾಲಿನದು. ಇವು ಪೊರೆಯ ಒಳಮೈಗೆ ಬಂದು ಕಾಲಿಗೆ ಕಾಲು ಸಿಕ್ಕಿಸಿಕೊಂಡು ಫುಟ್‌ಬಾಲಿನ ಹೊಲಿಗೆಯ ಹಾಗೆ ಒಂದು ಬುಟ್ಟಿ ಕಟ್ಟುತ್ತವೆ. ಬುಟ್ಟಿ ದುಂಡಗಾದ ಹಾಗೆ ಪೊರೆಯೂ ಬಾಗುತ್ತದೆ. ಕುತ್ತಿಗೆಗೆ ಡೈನಮಿನ್ ಎಂಬ ಇನ್ನೊಂದು ಪ್ರೋಟೀನ್ ಹುರಿಯ ಹಾಗೆ ಸುತ್ತಿಕೊಂಡು ಬಿಗಿದು ಕತ್ತರಿಸುತ್ತದೆ. ಚೀಲ ಎಷ್ಟು ಸಣ್ಣದು ಅಂದರೆ, ಒಂದು ತಲೆಗೂದಲಿನ ದಪ್ಪದಲ್ಲಿ ಇಂಥವನ್ನು ನೂರಾರು ಸಾಲಾಗಿ ಇಡಬಹುದು.

ಒಳಗೆ ಬಂದ ಚೀಲ ನೇರ ಹೊಟ್ಟೆಗೆ ಹೋಗುವುದಿಲ್ಲ. ಮೊದಲು ಎಂಡೊಸೋಮ್ ಎಂಬ ಕೋಣೆಗೆ ಬರುತ್ತದೆ. ಅಲ್ಲಿ ವಿಂಗಡಣೆ. ಬೇಕಾದದ್ದು ವಾಪಸ್ ಪೊರೆಗೆ, ಬೇಡದ್ದು ಲೈಸೋಸೋಮಿಗೆ. ಒಳಗೆ ಹೋದ ಹಾಗೆ ಹುಳಿ ಜಾಸ್ತಿ. ಎಂಡೊಸೋಮಿನಲ್ಲಿ ಸ್ವಲ್ಪ ಆಮ್ಲ, ಲೈಸೋಸೋಮಿನಲ್ಲಿ ಭಾರಿ ಆಮ್ಲ. ಈ ಹುಳಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈಗ ಕರೆಂಟ್ ಹೋಯಿತು, ಉಳಿದದ್ದು ರಾತ್ರಿ.

ಗಂಜ್_ಮುನೀಮ

ಅಕ್ಕಾರೇ, ಇಷ್ಟು ಅರ್ಥ ಆಯಿತು. ನನಗೆ ತಿಳಿದ ಭಾಷೆಯಲ್ಲಿ ಹೇಳಿ ನೋಡುತ್ತೇನೆ, ತಪ್ಪಿದ್ದರೆ ತಿದ್ದಿ.

ರೈತ ತೊಗರಿ ಚೀಲ ತಂದ. ಹಮಾಲರು ಗೇಟಿನಲ್ಲಿ ಇಳಿಸಿದರು. ಅವರೇ ನಿಮ್ಮ ಕ್ಲಾಥ್ರಿನ್. ಕಾಟಾ ಕಟ್ಟೆಯಲ್ಲಿ ತೂಕ, ಮಾಲು ಚೆಕ್. ಅದು ಎಂಡೊಸೋಮ್. ಅಲ್ಲಿಂದ ಕಾಳು ಮಿಲ್ಲಿಗೆ, ಖಾಲಿ ಚೀಲ ರೈತನಿಗೆ ವಾಪಸ್, ಚುನ್ನಿ ಹೊಟ್ಟು ದನಕ್ಕೆ. ಸುಗ್ಗಿಯಲ್ಲಿ ನಮ್ಮದೇ ಕಟ್ಟೆ ಮೇಲೆ ಹೀಗಾಗುತ್ತದೆ. ಮಿಲ್ಲಿನವರು ಎತ್ತುವುದು ಎರಡು ದಿನ ತಡ ಮಾಡಿದರೆ ಸಾಕು, ಕಾಲಿಡಲು ಜಾಗ ಇರುವುದಿಲ್ಲ. ಅಕಾಲ ಮಳೆ ಬಂದರಂತೂ ಕಟ್ಟೆ ಮೇಲೇ ಮಾಲು ಕೆಡುತ್ತದೆ. ರೈತ ಬೇರೆ ‘ನನ್ನ ಚೀಲ ಎಲ್ರಿ’ ಅಂತ ಬೈಯುತ್ತಾನೆ.

ಲ್ಯಾಬ್_ಅಕ್ಕ

ಮುನೀಮಣ್ಣ, ಇದನ್ನು ನಾನು ಕದ್ದು ಕ್ಲಾಸಿನಲ್ಲಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹೇಳಿದ ‘ಕಾಲಿಡಲು ಜಾಗ ಇಲ್ಲ’ ಅನ್ನುವುದೇ ಮಿದುಳಿನಲ್ಲಿ ಕಂಡಿದೆ. ತೀರಿಕೊಂಡ ರೋಗಿಗಳ ಮಿದುಳನ್ನು ಪರೀಕ್ಷಿಸಿದವರು 1990ರ ದಶಕದ ಕೊನೆಗೆ ಮತ್ತು 2000ದಲ್ಲಿ ಬರೆದಿದ್ದಾರೆ. ನರಕೋಶದ ಎಂಡೊಸೋಮುಗಳು ಊದಿಕೊಂಡು ದೊಡ್ಡದಾಗಿದ್ದವು. ಅದೂ ಹೊರಗೆ ಗಡ್ಡೆ ಕಾಣಿಸಿಕೊಳ್ಳುವ ಮೊದಲೇ. ನಿಮ್ಮ ಡಾಕ್ಟರ್ ‘ಕಸ ಆಮೇಲಿನ ಮಾತು’ ಅಂದಿದ್ದು ಇದಕ್ಕೇ.

ಆದರೆ ಒಂದು ಕಡೆ ನಿಮ್ಮ ಗಂಜ್ ಹೊಂದುವುದಿಲ್ಲ. ಕಟ್ಟೆಯಲ್ಲಿ ತೊಗರಿ ತೊಗರಿಯಾಗೇ ಇರುತ್ತದೆ. ಕೋಶದ ಕಟ್ಟೆಯಲ್ಲಿ ಮಾಲೇ ಬದಲಾಗುತ್ತದೆ.

ನರಕೋಶದ ಪೊರೆಯ ಮೇಲೆ ಎಪಿಪಿ ಎಂಬ ಉದ್ದನೆಯ ಪ್ರೋಟೀನ್ ನೆಟ್ಟಿರುತ್ತದೆ. ಎಲ್ಲರಲ್ಲೂ ಇರುತ್ತದೆ, ಕೆಟ್ಟದ್ದಲ್ಲ. ಅದನ್ನು ಕತ್ತರಿಸುವ ಕತ್ತರಿಗಳು ಮೂರು: ಆಲ್ಫಾ, ಬೀಟಾ, ಗಾಮಾ. ಆಲ್ಫಾ ಕತ್ತರಿ ಬಾಗಿಲಲ್ಲೇ, ಪೊರೆಯ ಮೇಲೇ ಇರುತ್ತದೆ. ಅದು ಎಪಿಪಿಯನ್ನು ಎಲ್ಲಿ ಕತ್ತರಿಸುತ್ತದೆ ಅಂದರೆ, ಮುಂದೆ ಅಮಿಲಾಯ್ಡ್ (ಹೊರಗಿನ ಆ ಗಡ್ಡೆಯ ಮಾಲು) ಆಗಬೇಕಾದ ತುಣುಕಿನ ನಟ್ಟ ನಡುವೆ. ಅಲ್ಲಿಗೆ ಆ ಕಥೆ ಮುಗಿಯಿತು, ಅಮಿಲಾಯ್ಡ್ ಹುಟ್ಟುವುದಿಲ್ಲ. ಆದರೆ ಎಪಿಪಿ ಚೀಲದಲ್ಲಿ ಒಳಗೆ ಹೋಯಿತು ಅಂದುಕೊಳ್ಳಿ. ಎಂಡೊಸೋಮಿನಲ್ಲಿ ಬೀಟಾ ಕತ್ತರಿ ಕೂತಿದೆ. ಅದರ ಹೆಸರು ಬೇಸ್-1, ಪತ್ತೆಯಾದದ್ದು 1999ರಲ್ಲಿ. ಅದಕ್ಕೆ ಹುಳಿ ಇಷ್ಟ. ಆಮ್ಲ ಇರುವ ಜಾಗದಲ್ಲೇ ಅದು ಚುರುಕು. ಅದು ಒಂದು ತುದಿ ಕತ್ತರಿಸುತ್ತದೆ, ಗಾಮಾ ಇನ್ನೊಂದು ತುದಿ ಕತ್ತರಿಸುತ್ತದೆ. ನಡುವೆ ಉಳಿದ ನಲವತ್ತು, ನಲವತ್ತೆರಡು ಮಣಿಯ (ಮಣಿ ಅಂದರೆ ಅಮೈನೋ ಆಮ್ಲ) ಸರವೇ ಬೀಟಾ ಅಮಿಲಾಯ್ಡ್. 42ರದ್ದು ಜಾಸ್ತಿ ಅಂಟು.

ಅಂದರೆ ಅದೇ ಪ್ರೋಟೀನ್ ಬಾಗಿಲಲ್ಲಿ ಕತ್ತರಿಸಿದರೆ ತೊಂದರೆ ಇಲ್ಲ, ಒಳಗೆ ಕತ್ತರಿಸಿದರೆ ತೊಂದರೆ. ಲ್ಯಾಬ್‌ನಲ್ಲಿ ಎಪಿಪಿ ಒಳಗೆ ಹೋಗದ ಹಾಗೆ ಮಾಡಿದಾಗ ಅಮಿಲಾಯ್ಡ್ ಹುಟ್ಟುವುದು ಕಡಿಮೆಯಾಯಿತು. ಎಷ್ಟು ಹೊತ್ತು ಒಳಗೆ ನಿಲ್ಲುತ್ತದೆ ಅನ್ನುವುದೂ ಮುಖ್ಯ. ಕಟ್ಟೆ ಮೇಲೆ ನಿಂತಷ್ಟೂ ಬೇಸ್-1ಕ್ಕೆ ಬಿಡುವು.

ಭೀಮಾ_ದಂಡೆ (ಯಾದಗಿರಿ)

ಹಾಗಾದರೆ ಉಪಾಯ ಸುಲಭ ಅಲ್ವಾ ಅಕ್ಕಾ? ಬೇಸ್-1 ಕತ್ತರಿಯನ್ನೇ ಕಟ್ಟಿಹಾಕುವ ಗುಳಿಗೆ ಮಾಡಿದರೆ ಮುಗಿಯಿತು.

ಲ್ಯಾಬ್_ಅಕ್ಕ

ಮಾಡಿದರು. ದೊಡ್ಡ ದೊಡ್ಡ ಕಂಪನಿಗಳೇ ಮಾಡಿದವು. ವೆರುಬೆಸೆಸ್ಟಾಟ್ ಅಂತ ಒಂದು ಗುಳಿಗೆ ಇತ್ತು. ಅಮಿಲಾಯ್ಡ್ ಚೆನ್ನಾಗಿ ಇಳಿಯಿತು. ರೋಗ ಇಳಿಯಲಿಲ್ಲ. 2017ರಲ್ಲಿ ಒಂದು ಪರೀಕ್ಷೆ ನಿಂತಿತು, 2018ರಲ್ಲಿ ಇನ್ನೊಂದು. ಎರಡನೆಯದರಲ್ಲಿ ಗುಳಿಗೆ ತೆಗೆದುಕೊಂಡವರ ನೆನಪು, ತೆಗೆದುಕೊಳ್ಳದವರಿಗಿಂತ ಸ್ವಲ್ಪ ಕೆಳಗೇ ಹೋಯಿತು. ಆ ಕತ್ತರಿಗೆ ಮಿದುಳಿನಲ್ಲಿ ಬೇರೆ ಕೆಲಸಗಳೂ ಇವೆ. ಪೂರ್ತಿ ಕಟ್ಟಿಹಾಕಿದರೆ ಅವೂ ನಿಲ್ಲುತ್ತವೆ.

ನನ್ನ ಮಟ್ಟಿಗೆ ಈ ಸೋಲು ದೊಡ್ಡ ಪಾಠ. ಕಟ್ಟೆ ಮೇಲೆ ಮಾಲು ಕೆಡುತ್ತಿದೆ ಅಂತ ತಕ್ಕಡಿ ಕಿತ್ತು ಹಾಕಿದ ಹಾಗಾಯಿತು. ಸಾಗಾಟ ನಿಂತಿರುವುದು ಹಾಗೇ ಉಳಿಯಿತು.

ಕರೇಜ್_ಕಾವಲು (ಬೀದರ್)

ನಡುವೆ ಬಾಯಿ ಹಾಕುತ್ತೇನೆ. ನಮ್ಮ ನೌಬಾದ್ ಕರೇಜ್ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ನೆಲದ ಕೆಳಗೆ ಕಲ್ಲು ಕೊರೆದ ಸುರಂಗ, ಬಹಮನಿ ಕಾಲದ್ದು. ಮೇಲಿನಿಂದ ಸಾಲಾಗಿ ಬಾವಿಯ ಹಾಗೆ ತೂತುಗಳು. ಗಾಳಿಗೂ ಅವೇ, ಹೂಳು ಎತ್ತಲೂ ಅವೇ. ತೂತು ಮುಚ್ಚಿ ಮೇಲೆ ಮನೆ ಕಟ್ಟಿಕೊಂಡರೆ ಹೂಳು ತೆಗೆಯಲು ದಾರಿ ಇಲ್ಲ, ನೀರು ನಿಲ್ಲುತ್ತದೆ. ಮಿದುಳೂ ಹಾಗೇ ಅಲ್ವಾ?

ಲ್ಯಾಬ್_ಅಕ್ಕ

ಊರಿನವರು ಸಿಕ್ಕರು! ಚಿಕ್ಕವಳಿದ್ದಾಗ ಆ ತೂತಿನಲ್ಲಿ ಕಲ್ಲು ಹಾಕಿ ಸಪ್ಪಳ ಕೇಳಿ ಬೈಸಿಕೊಂಡಿದ್ದೇನೆ.

ನಿಮ್ಮ ಕರೇಜ್ ಸ್ವಲ್ಪ ಬೇರೆ ವಿಷಯಕ್ಕೆ ಹೊಂದುತ್ತದೆ. ಕೋಶಗಳ ನಡುವೆ ಇರುವ ದ್ರವ ರಕ್ತನಾಳಗಳ ಪಕ್ಕದ ಸಂದಿಯಲ್ಲಿ ಹರಿದು ಕಸ ಒಯ್ಯುತ್ತದೆ ಅಂತ 2012ರಿಂದ ಒಂದು ವಾದ ಇದೆ. ನಿದ್ದೆಯಲ್ಲಿ ಅದು ಎಷ್ಟು ಹರಿಯುತ್ತದೆ ಅನ್ನುವ ಜಗಳ ಇನ್ನೂ ನಡೆದಿದೆ. ಇನ್ನೊಂದು ದಾರಿ ರಕ್ತನಾಳದ ಗೋಡೆ. ಅದು ತೂತಿನ ದಾರಿ ಅಲ್ಲ, ಮತ್ತೆ ಅದೇ ನುಂಗುವ ಕೆಲಸ. ಗೋಡೆಯ ಕೋಶದ ಮೇಲೆ ಎಲ್‌ಆರ್‌ಪಿ-1 ಎಂಬ ಕೈ ಇದೆ. ಅದು ಮಿದುಳಿನ ಕಡೆಯಿಂದ ಅಮಿಲಾಯ್ಡ್ ಹಿಡಿಯುತ್ತದೆ, ಕೋಶ ಅದನ್ನು ನುಂಗಿ ಆಚೆ ರಕ್ತದ ಕಡೆ ಉಗುಳುತ್ತದೆ. ಇದಕ್ಕೆ ಪಿಕಾಲ್ಮ್ ಎಂಬ ಸಹಾಯಕ ಬೇಕು.

ಪಿಕಾಲ್ಮ್ ಹೆಸರು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ರೋಗ ಇರುವ ಸಾವಿರಾರು ಜನ, ಇಲ್ಲದ ಸಾವಿರಾರು ಜನರ ಜೀನುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ 2009ರ ಹೊತ್ತಿಗೆ ಜೋರಾಯಿತು. ಮೊದಲೇ ಒಂದು ಜೀನ್ ಮೇಲೆ ಅನುಮಾನ ಇಟ್ಟುಕೊಂಡು ಹುಡುಕಿದ್ದಲ್ಲ, ಕಣ್ಣು ಕಟ್ಟಿಕೊಂಡು ಬಲೆ ಬೀಸಿದ್ದು. ಬಲೆಗೆ ಬಿದ್ದವು ಯಾವುವು? 2009ರಲ್ಲಿ ಪಿಕಾಲ್ಮ್. ಕ್ಲಾಥ್ರಿನ್ ಬುಟ್ಟಿ ಕಟ್ಟಲು ನೆರವಾಗುವುದು. 2010ರಲ್ಲಿ ಬಿನ್-1. ಪೊರೆ ಬಾಗಿಸುವ ಕೆಲಸದ್ದು. 2011ರಲ್ಲಿ ಸಿಡಿ2ಎಪಿ, ಅದೂ ಇದೇ ಸಾಗಾಟದ ಕಡೆಯದು. ಅದಕ್ಕೂ ಮೊದಲು 2007ರಲ್ಲಿ ಸೋರ್ಲ್-1 ಸಿಕ್ಕಿತ್ತು. ಎಪಿಪಿಯನ್ನು ಎಂಡೊಸೋಮಿನಿಂದ ಎತ್ತಿ ವಾಪಸ್ ಕಳಿಸುವವನು ಅವನು. ನಿಮ್ಮ ಭಾಷೆಯಲ್ಲಿ ಖಾಲಿ ಚೀಲ ವಾಪಸ್ ಕಳಿಸುವವ, ಮುನೀಮಣ್ಣ.

ಹಮಾಲ, ಗೇಟಿನವ, ಚೀಲ ಎಣಿಸುವವ. ಎಲ್ಲರೂ ಒಂದೇ ಕಟ್ಟೆಯವರು. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

ಹೊಸಬ_07 (ಕಲಬುರಗಿ)

ನಮ್ಮ ತಂದೆಗೆ ಈ ರೋಗ. ನಾನು ಹೆದರಿ ಆನ್‌ಲೈನಿನಲ್ಲಿ ಜೀನ್ ಟೆಸ್ಟ್ ಮಾಡಿಸಿದೆ. ‘ಅಪೋಇ4 ಒಂದು ಪ್ರತಿ ಇದೆ’ ಅಂತ ರಿಪೋರ್ಟ್ ಬಂದಿದೆ. ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ನನಗೆ 38.

ಲ್ಯಾಬ್_ಅಕ್ಕ

ತಮ್ಮಾ, ಮೊದಲು ಆ ಕೆಂಪು ಬಣ್ಣ ಮರೆತುಬಿಡು. ಅಪೋಇ4 ರೋಗ ಅಲ್ಲ. ಸಾಧ್ಯತೆ ಜಾಸ್ತಿ ಮಾಡುವ ಒಂದು ಜೀನ್, 1993ರಿಂದ ಗೊತ್ತಿರುವುದು. ಒಂದು ಪ್ರತಿ ಇದ್ದರೆ ಸಾಧ್ಯತೆ ಸುಮಾರು ಮೂರು ಪಟ್ಟು ಅಂತ ಹೇಳುತ್ತಾರೆ. ಈ ಲೆಕ್ಕ ಹೆಚ್ಚಾಗಿ ಯುರೋಪ್ ಮೂಲದ ಜನರಿಂದ ಬಂದದ್ದು, ಎಲ್ಲ ಜನಾಂಗಕ್ಕೂ ಒಂದೇ ತೂಕ ಅಲ್ಲ. ಅದು ಇದ್ದೂ ರೋಗ ಬಾರದವರು ಬಹಳ, ಇಲ್ಲದೆಯೂ ಬಂದವರು ಬಹಳ. ಮನೆತನದಲ್ಲಿ ನೇರವಾಗಿ ಇಳಿದು ಬರುವ ಜೀನುಗಳು ಬೇರೆ, ಅವು ನೂರಕ್ಕೆ ಒಬ್ಬರಲ್ಲೂ ಇರುವುದಿಲ್ಲ.

ಇದೂ ಅದೇ ಕಟ್ಟೆಗೆ ಬರುತ್ತದೆ. ಅಪೋಇ ಎಂಬ ಪ್ರೋಟೀನ್ ಕೊಲೆಸ್ಟರಾಲ್ ಹೊತ್ತು ತಂದು ನರಕೋಶಕ್ಕೆ ಕೊಡುವ ಸಾಗಾಟದ ಗಾಡಿ. ಕೋಶ ಗಾಡಿ ಸಮೇತ ನುಂಗುತ್ತದೆ. ರಕ್ತದ ಕೊಲೆಸ್ಟರಾಲನ್ನು ಕೋಶ ಹೀಗೆ ಕೈ ಚಾಚಿ ಹಿಡಿದು ನುಂಗುತ್ತದೆ ಎಂದು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಅಪೋಇ4 ಗಾಡಿ ಎಂಡೊಸೋಮಿನಲ್ಲೇ ಸಿಕ್ಕಿಕೊಂಡು ಬೇರೆ ಸಾಮಾನಿನ ವಾಪಸಾತಿಗೂ ಅಡ್ಡ ನಿಲ್ಲುತ್ತದೆ ಎಂದು ಲ್ಯಾಬ್ ಕೋಶಗಳಲ್ಲಿ ನೋಡಿದ್ದಾರೆ.

ರಿಪೋರ್ಟ್ ಹಿಡಿದುಕೊಂಡು ಒಬ್ಬ ಡಾಕ್ಟರ್ ಹತ್ತಿರ ಕೂತು ಮಾತಾಡು. ಬರೀ ಪಿಡಿಎಫ್ ಕಳಿಸಿ ಕೈ ತೊಳೆದುಕೊಳ್ಳುವ ಇಂಥ ಮಾರಾಟ ನನಗೆ ಸಿಟ್ಟು ತರಿಸುತ್ತದೆ. ಇವತ್ತು ರಾತ್ರಿ ಮಲಗು.

ಭೀಮಾ_ದಂಡೆ

ಇನ್ನೊಂದು ಡೌಟು. ಈ ನುಂಗುವ ಕೆಲಸ ಲಿವರ್, ಕಿಡ್ನಿ ಎಲ್ಲ ಕಡೆ ಇದೆಯಲ್ಲ. ಮಿದುಳೇ ಯಾಕೆ ಕೆಡಬೇಕು?

ಲ್ಯಾಬ್_ಅಕ್ಕ

ಒಳ್ಳೆಯ ಪ್ರಶ್ನೆ. ನನಗೆ ಮೂರು ಕಾರಣ ತೋಚುತ್ತವೆ. ನರಕೋಶ ಮಾತಾಡುವುದೇ ಚೀಲಗಳಿಂದ. ಒಂದು ಸಂದೇಶ ಕಳಿಸಿದಾಗ ತುದಿಯಲ್ಲಿ ಚೀಲ ಒಡೆಯುತ್ತದೆ, ತಕ್ಷಣ ಆ ಪೊರೆಯನ್ನು ವಾಪಸ್ ಎಳೆದುಕೊಂಡು ಹೊಸ ಚೀಲ ಮಾಡಬೇಕು. ದಿನವಿಡೀ ಇದೇ. ಅಂದರೆ ಈ ಗಂಜ್‌ನಲ್ಲಿ ವರ್ಷವೆಲ್ಲ ಸುಗ್ಗಿ. ಕೋಶ ಹೆಚ್ಚು ಕೆಲಸ ಮಾಡಿದಾಗ ಎಪಿಪಿಯೂ ಹೆಚ್ಚು ಒಳಗೆ ಹೋಗುತ್ತದೆ ಅಂತ ಇಲಿಗಳಲ್ಲಿ ಕಂಡಿದೆ.

ಎರಡನೆಯದು ದೂರ. ನರಕೋಶದ ಬಾಲ ಉದ್ದ, ಕೆಲವದ್ದು ಬೆನ್ನಿನಿಂದ ಕಾಲ್ಬೆರಳ ತನಕ. ಅರಗಿಸುವ ಲೈಸೋಸೋಮು ಹೆಚ್ಚಾಗಿ ಕೋಶದ ಒಡಲಿನ ಹತ್ತಿರ. ತುದಿಯಲ್ಲಿ ನುಂಗಿದ್ದನ್ನು ಅಲ್ಲಿ ತನಕ ಹೊತ್ತು ತರಬೇಕು. ಕಾಳಗಿಯ ಹೊಲದಿಂದ ಕಲಬುರಗಿ ಗಂಜ್‌ಗೆ ತಲೆ ಮೇಲೆ ಹೊತ್ತು ತಂದ ಹಾಗೆ.

ಇನ್ನು ನರಕೋಶ ಒಡೆದು ಎರಡಾಗುವುದಿಲ್ಲ. ಚರ್ಮದ ಕೋಶ ಎರಡಾದಾಗ ಒಳಗಿನ ಕಸವೂ ಪಾಲಾಗುತ್ತದೆ. ಇದಕ್ಕೆ ಆ ಭಾಗ್ಯ ಇಲ್ಲ. ಎಪ್ಪತ್ತು ವರ್ಷದ ಕಸ ಅದೇ ಮನೆಯಲ್ಲಿ.

2022ರಲ್ಲಿ ನ್ಯೂಯಾರ್ಕಿನ ತಂಡವೊಂದು ರೋಗದ ಮಾದರಿಯ ಇಲಿಗಳಲ್ಲಿ ಇನ್ನೊಂದು ಕಂಡಿತು. ಲೈಸೋಸೋಮಿನ ಹುಳಿ ಕಡಿಮೆಯಾಗಿ ಅರಗುವುದು ನಿಲ್ಲುತ್ತದೆ. ಅರಗದ ಚೀಲಗಳು ಕೋಶದೊಳಗೇ ಹೂವಿನೆಸಳ ಹಾಗೆ ಉಬ್ಬಿಕೊಳ್ಳುತ್ತವೆ, ಕೋಶ ಸಾಯುತ್ತದೆ. ಹೊರಗೆ ನಾವು ನೋಡುವ ಗಡ್ಡೆಗಳಲ್ಲಿ ಎಷ್ಟೋ ಅಂಥ ಸತ್ತ ಕೋಶ ಇದ್ದ ಜಾಗಗಳು ಎಂದು ಅವರ ವಾದ. ಮನುಷ್ಯರಲ್ಲೂ ಎಲ್ಲ ಗಡ್ಡೆ ಹೀಗೇ ಹುಟ್ಟುತ್ತದೆ ಅಂತ ನಾನು ಹೇಳಲಾರೆ. ಆದರೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಗಡ್ಡೆ ಹೊರಗಿನಿಂದ ಬಂದು ಕೋಶ ಕೊಲ್ಲುತ್ತದೆ ಅಂತ ನಾನೂ ಹುಡುಗರಿಗೆ ಪಾಠ ಹೇಳಿದ್ದೆ.

ಕಲಬುರಗಿ_ಬಿಸಿಲು

ಇಷ್ಟೆಲ್ಲ ಓದಿದೆ. ರೋಗ ಅಂತ ಒಪ್ಪಿದೆ, ಸರಿ. ಆದರೆ ಮಿದುಳಿಗೆ ತನ್ನದೇ ಪೌರಕಾರ್ಮಿಕರು ಇಲ್ವಾ? ಅವರೇನು ಮಾಡ್ತಾರೆ?

ಲ್ಯಾಬ್_ಅಕ್ಕ

ಬಿಸಿಲಣ್ಣ ತಂಪಾದರು, ಸಂತೋಷ. ಇದ್ದಾರೆ, ಅವರ ಹೆಸರು ಮೈಕ್ರೋಗ್ಲಿಯಾ. ಇವರದ್ದು ಸಣ್ಣ ಚೀಲ ಅಲ್ಲ, ದೊಡ್ಡ ತುತ್ತು. ಇಡೀ ಮೈ ಚಾಚಿ ಕಸವನ್ನು ಅಪ್ಪಿ ನುಂಗುತ್ತಾರೆ. ಕೋಶಗಳ ಈ ದೊಡ್ಡ ತುತ್ತಿನ ಕೆಲಸ ತೋರಿಸಿಕೊಟ್ಟ ಮೆಚ್ನಿಕಾಫ್‌ಗೆ 1908ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೈಕ್ರೋಗ್ಲಿಯಾದ ಮೇಲೆ ಟ್ರೆಮ್-2 ಎಂಬ ಮೂಗು ಇದೆ. ಅದರ ಜೀನಿನಲ್ಲಿ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ಈ ರೋಗದ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು 2012ರ ಕೊನೆಗೆ ಗೊತ್ತಾಯಿತು. ಮೂಗು ಸರಿ ಇದ್ದರೆ ಅವು ಗಡ್ಡೆಯ ಸುತ್ತ ಕೂತು ಅದನ್ನು ಒತ್ತಿ ಬಿಗಿ ಮಾಡುತ್ತವೆ. ಕೆಟ್ಟರೆ ಗಡ್ಡೆ ಸಡಿಲವಾಗಿ ಹರಡಿ ಸುತ್ತಲಿನ ನರಕ್ಕೆ ಹಾನಿ ಜಾಸ್ತಿ.

ಹಾಗಂತ ನುಂಗುವುದು ಜಾಸ್ತಿ ಆದರೆ ಒಳ್ಳೆಯದು ಅಂತಲೂ ಅಲ್ಲ. ಇಲಿಗಳಲ್ಲಿ ರೋಗ ಶುರುವಾಗುವ ಹೊತ್ತಿಗೆ ಇದೇ ಪೌರಕಾರ್ಮಿಕರು ಕಸದ ಜತೆ ನರಕೋಶಗಳ ನಡುವಿನ ಕೊಂಡಿಗಳನ್ನೂ ನುಂಗಿದ್ದನ್ನು 2016ರಲ್ಲಿ ತೋರಿಸಿದರು. ನೆನಪು ಇರುವುದೇ ಆ ಕೊಂಡಿಗಳಲ್ಲಿ.

ಟಾವ್ ಎಂಬ ಇನ್ನೊಂದು ಪ್ರೋಟೀನ್ ಕಥೆ ಬಾಕಿ ಇದೆ. ಕೋಶದ ಒಳಗಿನ ಆ ಗಂಟುಗಂಟಾದ ಎಳೆ ಇದರದ್ದೇ. ಮರೆವು ಎಷ್ಟು ಅನ್ನುವುದು ಅಮಿಲಾಯ್ಡ್‌ಗಿಂತ ಟಾವ್ ಹರಡಿದ್ದಕ್ಕೇ ಹೆಚ್ಚು ತಾಳೆಯಾಗುತ್ತದೆ. ಅದು ಒಂದು ಕೋಶದಿಂದ ಹೊರಬಿದ್ದು ಪಕ್ಕದ್ದರೊಳಗೆ ಹೋಗುವುದೂ ಇದೇ ನುಂಗುವ ದಾರಿಯಲ್ಲಿ. 2020ರಲ್ಲಿ ಅದನ್ನು ಹಿಡಿದು ಒಳಗೆ ಎಳೆಯುವ ಕೈ ಯಾವುದು ಅಂತ ಸಿಕ್ಕಿತು. ಎಲ್‌ಆರ್‌ಪಿ-1! ರಕ್ತನಾಳದ ಗೋಡೆಯಲ್ಲಿ ಕಸ ಹೊರಹಾಕುವ ಅದೇ ಕೈ ನರಕೋಶದಲ್ಲಿ ರೋಗವನ್ನು ಒಳಗೆ ಕರೆಯುತ್ತದೆ. ಇಂಥದಕ್ಕೆ ಗುಳಿಗೆ ಮಾಡುವವರ ಪಾಡು ನೋಡಿ.

ಅಪ್ಪನಕೆರೆ_ವಾಕರ್

ಅಮೆರಿಕದಲ್ಲಿ ಹೊಸ ಇಂಜೆಕ್ಷನ್ ಬಂದಿದೆ, ಗುಣ ಆಗುತ್ತದೆ ಅಂತ ವಾಟ್ಸ್ಯಾಪ್‌ನಲ್ಲಿ ಬಂತು. ಮತ್ತೊಂದು ಫಾರ್ವರ್ಡಿನಲ್ಲಿ ಅರಿಸಿನ ಸಾಕು ಅಂತಿದೆ. ಯಾವುದು ನಂಬಲಿ?

ಲ್ಯಾಬ್_ಅಕ್ಕ

ಅರಿಸಿನ ಸಾರಿಗೆ ಹಾಕಿ. ಅದರ ಸಾರ ಹೊಟ್ಟೆಯಿಂದ ರಕ್ತಕ್ಕೇ ಸರಿಯಾಗಿ ಸೇರುವುದಿಲ್ಲ, ಇನ್ನು ಮಿದುಳಿಗೆ ಎಲ್ಲಿ?

ಇಂಜೆಕ್ಷನ್ ಇದ್ದದ್ದು ನಿಜ, ಗುಣ ಆಗುತ್ತದೆ ಅನ್ನುವುದು ಸುಳ್ಳು. ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ಣ ಒಪ್ಪಿಗೆ, ಡೊನಾನೆಮ್ಯಾಬ್‌ಗೆ 2024ರ ಜುಲೈನಲ್ಲಿ. ಇವು ಅಮಿಲಾಯ್ಡ್‌ಗೆ ಗುರುತು ಅಂಟಿಸುತ್ತವೆ, ಗುರುತು ನೋಡಿ ಮೈಕ್ರೋಗ್ಲಿಯಾ ನುಂಗುತ್ತವೆ. ಲೆಕನೆಮ್ಯಾಬ್ ಪರೀಕ್ಷೆಯಲ್ಲಿ ಹದಿನೆಂಟು ತಿಂಗಳಲ್ಲಿ ಇಳಿತ ಶೇ. 27ರಷ್ಟು ನಿಧಾನವಾಯಿತು. ನಿಂತಿಲ್ಲ, ತಿರುಗಿ ಬಂದಿಲ್ಲ. ಅದೂ ರೋಗದ ಮೊದಲ ಹಂತದವರಿಗೆ ಮಾತ್ರ. ಕೆಲವರಿಗೆ ಮಿದುಳಿನಲ್ಲಿ ಬಾವು, ಸಣ್ಣ ರಕ್ತಸ್ರಾವ ಆಗುತ್ತದೆ. ಅದಕ್ಕೇ ಪದೇಪದೇ ಎಂಆರ್‌ಐ ಬೇಕು. ಅಪೋಇ4 ಎರಡು ಪ್ರತಿ ಇದ್ದವರಿಗೆ ಈ ಅಪಾಯ ಜಾಸ್ತಿ. ಮುನೀಮಣ್ಣನ ಅವ್ವ ಇರುವ ಹಂತಕ್ಕೆ ಇದು ಹೊಂದುತ್ತದೋ ಇಲ್ಲವೋ ಅನ್ನುವುದು ಅವರ ಡಾಕ್ಟರ್ ಮಾತು, ನನ್ನದಲ್ಲ.

ಶಹಾಪುರ_ಸಿಸ್ಟರ್ (ಯಾದಗಿರಿ ಜಿಲ್ಲೆ)

ಇಪ್ಪತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಲ್ಯಾಬ್ ಅಕ್ಕನ ಮಾತು ಚೆಂದ. ಆದರೆ ಮುನೀಮ್ರೇ, ನೀವು ಮೊದಲು ನೋಡಬೇಕಾದದ್ದು ಬೇರೆ.

ಬಿ12 ನೋಡಿಸಿದ್ದೀರಾ? ಥೈರಾಯ್ಡ್? ನಮ್ಮ ಕಡೆ ವಯಸ್ಸಾದ ಹೆಂಗಸರು ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವವರು. ರೊಟ್ಟಿ, ಖಾರ, ಅಷ್ಟೇ. ಬಿ12 ತಳ ಹಿಡಿದಿರುತ್ತದೆ. ಅದರಿಂದಲೂ ಮರೆವು ಬರುತ್ತದೆ, ಅಲ್ಝೈಮರ್ ಮೇಲೆ ಸೇರಿಕೊಂಡರೆ ಇನ್ನೂ ಜಾಸ್ತಿ. ಆಮೇಲೆ ಕಿವಿ. ಕಿವಿ ಕೇಳದೆ ಉತ್ತರ ತಪ್ಪು ಕೊಟ್ಟರೆ ಮನೆಯವರು ಮರೆವು ಅಂದುಕೊಳ್ಳುತ್ತಾರೆ. ಕಿವಿ, ಕಣ್ಣು, ಬಿಪಿ, ಶುಗರ್, ಕೊಲೆಸ್ಟರಾಲ್ ಎಲ್ಲ ಸೇರಿ ಹದಿನಾಲ್ಕು ಕಾರಣಗಳನ್ನು ಸರಿಪಡಿಸಿದರೆ ಡಿಮೆನ್ಷಿಯಾದ (ಅಲ್ಝೈಮರ್ ಸೇರಿ ಮರೆವಿನ ರೋಗಗಳ) ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದೆ. ಹೊಸಬ_07, ಇದು ನಿಮಗೂ. 38ಕ್ಕೆ ಬಿಪಿ ನೋಡಿಸಿಕೊಳ್ಳುವುದು ಜೀನ್ ನೋಡಿಕೊಂಡು ಹೆದರುವುದಕ್ಕಿಂತ ಮೇಲು.

ಇದ್ದಕ್ಕಿದ್ದಂತೆ ಎರಡು ದಿನದಲ್ಲಿ ಗೊಂದಲ ಜಾಸ್ತಿ ಆದರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ಜ್ವರ, ಈ ಬಿಸಿಲಿಗೆ ನೀರು ಕಡಿಮೆ ಆಗಿದ್ದು, ಏನಾದರೂ ಇರುತ್ತದೆ. ಕೂಡಲೇ ತೋರಿಸಿ. ರಾತ್ರಿ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ‘ಅಪ್ಪ ಸತ್ತು ಒಂಬತ್ತು ವರ್ಷ ಆಯ್ತಲ್ಲವ್ವಾ’ ಅಂತ ತಿದ್ದಲು ಹೋಗಬೇಡಿ. ಪ್ರತಿ ಸಲ ಆಕೆಗೆ ಅದು ಹೊಸ ಸಾವು. ಹಿರಿಯರ ಸಹಾಯವಾಣಿ 14567 ಇದೆ, ನಂಬರ್ ಇಟ್ಟುಕೊಳ್ಳಿ.

ಗಂಜ್_ಮುನೀಮ

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ತೊಗರಿ ಆವಕ ಜೋರಿತ್ತು, ಬಿಡುವಾಗಲಿಲ್ಲ.

ಸಿಸ್ಟರ್ ಹೇಳಿದ್ದು ಸರಿ ಇತ್ತು. ಬಿ12 ತೀರಾ ಕಡಿಮೆ, ಇಂಜೆಕ್ಷನ್ ಶುರು ಮಾಡಿದ್ದಾರೆ. ಥೈರಾಯ್ಡ್ ಸರಿ ಇದೆ. ಬಲಗಿವಿ ಅರ್ಧಕ್ಕರ್ಧ ಕೇಳುವುದಿಲ್ಲವಂತೆ, ನಮಗೆ ಗೊತ್ತೇ ಇರಲಿಲ್ಲ. ಮಶೀನ್ ಹಾಕಿಸಿದೆವು, ಆಕೆ ದಿನಕ್ಕೆ ಎರಡು ಸಲ ಕಿತ್ತು ಅಕ್ಕಿ ಡಬ್ಬಿಯಲ್ಲಿ ಇಡುತ್ತಾಳೆ. ಡಾಕ್ಟರಿಗೆ ಚೀಟಿಯ ಚಿತ್ರ ತೋರಿಸಿ ‘ಇದು ಕ್ಲಾಥ್ರಿನ್ ಗುಳಿ ಅಲ್ವಾ ಸರ್?’ ಅಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅಲ್ಝೈಮರ್ ಅನ್ನುವುದು ಬದಲಾಗಿಲ್ಲ, ಬಿ12 ಏರಿದ ಮೇಲೆ ಮತ್ತೆ ನೋಡೋಣ ಅಂದಿದ್ದಾರೆ.

ರೊಟ್ಟಿಯ ವಿಷಯ. ಈಗ ನನ್ನ ಹೆಂಡತಿ ಹಂಚಿನ ಹತ್ತಿರ ಕೂರುತ್ತಾಳೆ. ಅವ್ವ ಬಡಿಯುತ್ತಾಳೆ. ಅಗಲ ಆದ ಕೂಡಲೇ ಇವಳು ಕೈ ಚಾಚುತ್ತಾಳೆ, ಅವ್ವ ಎತ್ತಿ ಅವಳ ಕೈಗೆ ಕೊಡುತ್ತಾಳೆ. ಏನೂ ಹೇಳಬೇಕಿಲ್ಲ. ಕೈ ಚಾಚದಿದ್ದರೆ ಮತ್ತೆ ಉಂಡೆ ಮಾಡುತ್ತಾಳೆ. ನಿನ್ನೆ ಹಿಟ್ಟು ಮುಗಿಯುವ ತನಕ ನಿಲ್ಲಿಸಲಿಲ್ಲ, ಇಪ್ಪತ್ತೆರಡು ರೊಟ್ಟಿ ಆದವು. ಅಂಗಡಿಗೆ ಒಯ್ದು ಹಮಾಲರಿಗೆ ಕೊಟ್ಟೆ.

ಲ್ಯಾಬ್_ಅಕ್ಕ

ಮಶೀನಿಗೆ ಒಂದು ದಾರ ಕಟ್ಟಿ ಕುಪ್ಪಸಕ್ಕೆ ಪಿನ್ ಹಾಕಿ ಮುನೀಮಣ್ಣ, ಅಕ್ಕಿ ಡಬ್ಬಿ ತನಕ ಹೋಗುವುದಿಲ್ಲ. ನಮ್ಮ ಅಜ್ಜಿಗೆ ಹಾಗೇ ಮಾಡಿದ್ದೆವು.